ವಿಕಲಚೇತನರ ಜಿಲ್ಲಾ ಸಮಿತಿ: ನಡಾವಳಿಯಲ್ಲಿ ಬಾರದ್ದು ನಡೆಯುವುದಿಲ್ಲ

ಪ್ರಶ್ನೆ: ನಾನು ಪೂರ್ಣ ಅಂಧ. ನಮ್ಮ ಜಿಲ್ಲೆಯ ವಿಕಲಚೇತನರ ಜಿಲ್ಲಾ ಮಟ್ಟದ ಸಮಿತಿಗೆ ಸಂಘದ ಪ್ರತಿನಿಧಿಯಾಗಿ ನಾಮನಿರ್ದೇಶನ ಆಗಿದ್ದೇನೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಸಭೆಯಲ್ಲಿ ಒಂದೊಂದು ಇಲಾಖೆಯವರೂ ಪ್ರಗತಿ ವರದಿ ಓದುತ್ತಾರೆ. ನಾವು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡು, ಗಾಲಿಕುರ್ಚಿ, ರ‍್ಯಾಂಪ್ ಎಂದು ಕೇಳುತ್ತೇವೆ. 'ಕ್ರಮ ವಹಿಸುತ್ತೇವೆ' ಎನ್ನುತ್ತಾರೆ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಈ ಸಮಿತಿಗೆ ಅಧಿಕಾರ ಅಂತ ಏನಾದರೂ ಇದೆಯೇ? ಸದಸ್ಯರಾದ ನಾವು ಏನು ಮಾಡಿದರೆ ಕೆಲಸ ಆಗುತ್ತದೆ?

ಉತ್ತರ: ಮೊದಲು ಅಧಿಕಾರದ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 72ನೇ ಸೆಕ್ಷನ್, ಜಿಲ್ಲಾ ಮಟ್ಟದ ಸಮಿತಿ ರಚಿಸಬೇಕು ಎಂದಷ್ಟೇ ಹೇಳಿ, ಅದರ ಕೆಲಸಗಳನ್ನು ಗೊತ್ತುಮಾಡುವುದನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟಿದೆ. ಒಂದು ಕಡೆ ಮಾತ್ರ ಕಾಯ್ದೆಯೇ ಸಮಿತಿಯನ್ನು ಹೆಸರಿಸಿ ಕೆಲಸ ಕೊಟ್ಟಿದೆ. ಉದ್ಯೋಗದಲ್ಲಿನ ತಾರತಮ್ಯದ ಬಗ್ಗೆ ಸರ್ಕಾರಿ ಸಂಸ್ಥೆಯ ಕುಂದುಕೊರತೆ ನಿವಾರಣಾಧಿಕಾರಿಗೆ 23ನೇ ಸೆಕ್ಷನ್ ಪ್ರಕಾರ ದೂರು ಕೊಟ್ಟವರು, ಎರಡು ವಾರದೊಳಗೆ ನಡೆಯಬೇಕಾದ ವಿಚಾರಣೆಯಿಂದ ಸಮಾಧಾನ ಸಿಗದಿದ್ದರೆ ಜಿಲ್ಲಾ ಸಮಿತಿಗೆ ಬರಬಹುದು. ಉಳಿದದ್ದರಲ್ಲೆಲ್ಲ ಸಮಿತಿಯದು ಪರಿಶೀಲನೆ ಮತ್ತು ಸಲಹೆಯ ಪಾತ್ರ. ಅದು ತಾನಾಗಿ ಅನುದಾನ ಬಿಡುಗಡೆ ಮಾಡಲಾರದು, ಯಾವ ನೌಕರರಿಗೂ ನೋಟಿಸ್ ಕೊಡಲಾರದು.

ಹಾಗೆಂದು ಕೈಚೆಲ್ಲಬೇಕಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತವರ ಮಾತು ಜಿಲ್ಲೆಯ ಎಲ್ಲ ಇಲಾಖೆಗಳಿಗೂ ತಟ್ಟುತ್ತದೆ. ಆ ಮಾತು ನಿಮ್ಮ ಪರವಾಗಿ ಕೆಲಸ ಮಾಡುವುದು ಸಭೆಯ ನಡಾವಳಿ ಎಂಬ ಕಾಗದದ ಮೂಲಕ. ಸಭೆಯಲ್ಲಿ ನೀವು ಎಷ್ಟು ಹೊತ್ತು, ಎಷ್ಟು ಖಾರವಾಗಿ ಮಾತಾಡಿದಿರಿ ಎಂಬುದು ಮರುದಿನ ಯಾರಿಗೂ ನೆನಪಿರುವುದಿಲ್ಲ. ನಡಾವಳಿಯಲ್ಲಿ ಯಾರ ಹೆಸರಿಗೆ, ಯಾವ ತಾರೀಖಿಗೆ, ಯಾವ ಕೆಲಸ ಬಿತ್ತು ಎಂಬುದೊಂದೇ ಕಡತದಲ್ಲಿ ಉಳಿಯುತ್ತದೆ. ಹಾಗಾಗಿ ಸದಸ್ಯರ ಕೆಲಸದ ಮುಕ್ಕಾಲು ಪಾಲು ಸಭೆಯ ಹಿಂದಿನ ಹದಿನೈದು ದಿನ ಮತ್ತು ಸಭೆಯ ಮುಂದಿನ ಹದಿನೈದು ದಿನಗಳಲ್ಲಿ ಇದೆ.

ಯಾವ ವಿಷಯವನ್ನು ಎಲ್ಲಿಗೆ ಒಯ್ಯಬೇಕು ಎಂಬ ಗೊಂದಲವೂ ಸಭೆಯ ಸಮಯ ತಿನ್ನುತ್ತದೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವುದು ರಾಷ್ಟ್ರೀಯ ನ್ಯಾಸ ಕಾಯ್ದೆ 1999ರ ಸ್ಥಳೀಯ ಮಟ್ಟದ ಸಮಿತಿ. ಅದಕ್ಕೂ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾದ್ದರಿಂದ ಎರಡೂ ಒಂದೇ ಎಂದು ಜನ ತಿಳಿಯುತ್ತಾರೆ. ಎರಡಕ್ಕೂ ಕಡತ ಬೇರೆ, ಅರ್ಜಿ ಬೇರೆ. ಹೊಸ ಯೋಜನೆ ಬೇಕು, ಮಾಸಾಶನದ ಮೊತ್ತ ಹೆಚ್ಚಬೇಕು ಎಂಬಂಥ ನೀತಿಯ ಬೇಡಿಕೆ ಜಿಲ್ಲೆಯಲ್ಲಿ ತೀರುವುದಿಲ್ಲ. ಅದು 2016ರ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ರಚನೆಯಾಗುವ ರಾಜ್ಯ ಸಲಹಾ ಮಂಡಳಿಗೆ ಹೋಗಬೇಕು. ಇಲಾಖೆಯ ಸಚಿವರು ಅದರ ಅಧ್ಯಕ್ಷರು, ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು, ಜಿಲ್ಲೆಗಳ ಪರವಾಗಿ ಸರದಿಯ ಮೇಲೆ ಐದು ಸದಸ್ಯರು ಅದರಲ್ಲಿರುತ್ತಾರೆ. ಆ ಐವರಲ್ಲಿ ನಿಮ್ಮ ಭಾಗದವರು ಯಾರು ಎಂದು ತಿಳಿದುಕೊಂಡು, ನಿಮ್ಮ ಸಮಿತಿಯ ಶಿಫಾರಸನ್ನು ನಡಾವಳಿಯ ಪ್ರತಿಯೊಂದಿಗೆ ಅವರಿಗೆ ತಲುಪಿಸಿ. ನೀತಿಯ ಬೇಡಿಕೆಗೆ ಜಿಲ್ಲಾ ಸಭೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಇನ್ನೊಂದು ತಪ್ಪು ಎಂದರೆ ಎಲ್ಲ ಪ್ರಶ್ನೆಗಳನ್ನೂ ಕಲ್ಯಾಣಾಧಿಕಾರಿಗಳ ಕಡೆಗೇ ಎಸೆಯುವುದು. ವೈಕಲ್ಯದ ತಪಾಸಣೆ, ಪ್ರಮಾಣಪತ್ರ ಆರೋಗ್ಯ ಇಲಾಖೆಯದು. ಮಾಸಾಶನ ಕಂದಾಯ ಇಲಾಖೆಯದು, ಅರ್ಜಿ ನಿಲ್ಲುವುದು ನಾಡಕಚೇರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ. ಶಾಲೆಯ ಸಂಪನ್ಮೂಲ ಶಿಕ್ಷಕರು ಶಿಕ್ಷಣ ಇಲಾಖೆಯವರು, ಬಸ್ ಪಾಸು ಸಾರಿಗೆ ನಿಗಮದ್ದು, ಗ್ರಾಮ ಪಂಚಾಯಿತಿಯ ಹಣ ಜಿಲ್ಲಾ ಪಂಚಾಯಿತಿ ಸಿಇಒ ಅವರ ಉಸ್ತುವಾರಿಯಲ್ಲಿ. ಕಲ್ಯಾಣಾಧಿಕಾರಿ ಇವರೆಲ್ಲರಿಗೂ ಪತ್ರ ಬರೆಯಬಲ್ಲರೇ ಹೊರತು ಆದೇಶ ಮಾಡಲಾರರು. ಅವರನ್ನೇ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡರೆ ನಿಮಗೆ ಒಳಗಿನಿಂದ ನೆರವಾಗಬಲ್ಲ ಒಬ್ಬರನ್ನು ಕಳೆದುಕೊಂಡಂತೆ, ಅಷ್ಟೆ. ಸಂಬಂಧಪಟ್ಟ ಇಲಾಖೆಯ ಜಿಲ್ಲಾ ಮುಖ್ಯಸ್ಥರೇ ಸಭೆಗೆ ಬರಬೇಕು, ವಿಷಯ ಗೊತ್ತಿಲ್ಲದ ಕೆಳಹಂತದ ಸಿಬ್ಬಂದಿಯನ್ನು ಕಳಿಸಬಾರದು ಎಂದು ಸಭಾ ಸೂಚನಾ ಪತ್ರದಲ್ಲೇ ಬರೆಸಿ.

ಕಾರ್ಯಸೂಚಿಗೆ ವಿಷಯ ಸೇರಿಸಲು ಸಭೆಗೆ ಎರಡು ವಾರ ಮುಂಚೆ ಸದಸ್ಯ ಕಾರ್ಯದರ್ಶಿಗೆ ಲಿಖಿತ ಪತ್ರ ಕೊಡಿ, ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆಯಿರಿ. ಒಂದು ಸಭೆಗೆ ಎರಡು ವಿಷಯ, ಬಹಳವೆಂದರೆ ಮೂರು. ಹದಿನಾಲ್ಕು ವಿಷಯ ಕೊಟ್ಟರೆ ಒಂದಕ್ಕೂ ನಿರ್ಣಯ ಆಗುವುದಿಲ್ಲ. ಪತ್ರ ಒಂದು ಪುಟ ಮೀರದಿರಲಿ: ತೊಂದರೆ ಏನು, ಅಂಕಿ ಏನು, ಯಾವ ನಿಯಮ ಅನ್ವಯಿಸುತ್ತದೆ, ಯಾವ ಅಧಿಕಾರಿ ಏನು ಮಾಡಬೇಕು. ಕೊನೆಯಲ್ಲಿ ಸಮಿತಿ ಕೈಗೊಳ್ಳಬೇಕಾದ ನಿರ್ಣಯದ ಕರಡನ್ನು ನೀವೇ ಬರೆದು ಕೊಡಿ. ನಡಾವಳಿ ಸಿದ್ಧಪಡಿಸುವ ವಿಷಯ ನಿರ್ವಾಹಕರಿಗೂ ಅದು ಅನುಕೂಲ. ಸಿದ್ಧ ವಾಕ್ಯ ಕೈಯಲ್ಲಿದ್ದರೆ ಹೊಸದಾಗಿ ಬರೆಯುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ನಿಮಗೆ ದೃಷ್ಟಿ ಇಲ್ಲದ್ದರಿಂದ ಇನ್ನೊಂದು ಬೇಡಿಕೆಯನ್ನು ಮೊದಲೇ ಇಡಿ. ಕಾರ್ಯಸೂಚಿ ಮತ್ತು ಅನುಪಾಲನಾ ವರದಿ (ಹಿಂದಿನ ನಿರ್ಣಯಗಳ ಮೇಲೆ ಆದ ಕ್ರಮದ ವರದಿ) ಬಹುತೇಕ ಸ್ಕ್ಯಾನ್ ಮಾಡಿದ ಚಿತ್ರವಾಗಿಯೋ ಹಳೆಯ ನುಡಿ ಫಾಂಟಿನಲ್ಲೋ ಬರುತ್ತವೆ. ಚಿತ್ರದಲ್ಲಿ ಸ್ಕ್ರೀನ್ ರೀಡರಿಗೆ ಅಕ್ಷರವೇ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಫಾಂಟನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಓದುತ್ತದೆ. 'ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ ವರ್ಡ್ ಕಡತವನ್ನು ಸಭೆಗೆ ಏಳು ದಿನ ಮುಂಚೆ ಇಮೇಲ್ ಮಾಡಬೇಕು' ಎಂದು ಸ್ಪಷ್ಟವಾಗಿ ಬರೆಯಿರಿ. 'ಸುಗಮ್ಯ ರೂಪದಲ್ಲಿ ಕೊಡಿ' ಎಂದು ಮಾತ್ರ ಬರೆದರೆ ಮತ್ತೆ ಪಿಡಿಎಫ್ ಬರುತ್ತದೆ.

ಈಗ ನೀವು ಹೇಳಿದ ಮೂರು ವಿಷಯಕ್ಕೆ ಬರೋಣ.

ಯುಡಿಐಡಿ ಬಗ್ಗೆ 'ಜಿಲ್ಲೆಯಲ್ಲಿ ಇಷ್ಟು ಸಾವಿರ ಕಾರ್ಡ್ ವಿತರಣೆ' ಎಂದು ವರದಿ ಓದುತ್ತಾರೆ. ಅದು ಆರಂಭದಿಂದ ಇಂದಿನವರೆಗಿನ ಒಟ್ಟು. ಅದು ಏರುತ್ತದೆಯೇ ವಿನಾ ಇಳಿಯುವುದಿಲ್ಲ, ಆದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ. 2011ರ ಜನಗಣತಿಯೊಂದಿಗೆ ಹೋಲಿಸಿ ಶೇಕಡಾವಾರು ತೋರಿಸಿದರೂ ಎಚ್ಚರವಿರಲಿ. ಆಗ ರಾಜ್ಯದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರನ್ನು ಎಣಿಸಿದ್ದು ಎಂಟು ವರ್ಗಗಳಲ್ಲಿ. ಈಗಿನ ಕಾಯ್ದೆಯ ಅನುಸೂಚಿಯಲ್ಲಿ 21 ವೈಕಲ್ಯಗಳಿವೆ. ಹಳೆಯ ಎಣಿಕೆಯನ್ನು ಛೇದವಾಗಿ ಇಟ್ಟುಕೊಂಡರೆ ಸಾಧನೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕೇಳಬೇಕಾದ್ದು ಹಂತವಾರು ಅಂಕಿ. ಕಳೆದ ಮೂರು ತಿಂಗಳಲ್ಲಿ ಎಷ್ಟು ಅರ್ಜಿ ಬಂದವು, ದಾಖಲೆ ಸರಿಯಿಲ್ಲವೆಂದು ಎಷ್ಟು ನಿಂತವು, ತಪಾಸಣೆಗೆ ದಿನ ಕೊಟ್ಟದ್ದು ಎಷ್ಟು, ತಪಾಸಣೆ ಆದದ್ದು ಎಷ್ಟು, ತಿರಸ್ಕೃತ ಎಷ್ಟು, ಪ್ರಮಾಣಪತ್ರ ಹೊರಟದ್ದು ಎಷ್ಟು, ಕಾರ್ಡ್ ಕೈ ಸೇರಿದ್ದು ಎಷ್ಟು. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡುವುದು ಕಡ್ಡಾಯವಾದ್ದರಿಂದ ಈ ಬಾಕಿಯ ಲೆಕ್ಕ ತೆಗೆಯುವುದು ಕಷ್ಟವಲ್ಲ. ತಾಲ್ಲೂಕುವಾರು, ವೈಕಲ್ಯವಾರು ಕೇಳಿ. ಆಗ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಎದ್ದು ಕಾಣುತ್ತದೆ, ಮತ್ತು ಪ್ರತಿ ಗಂಟಿಗೂ ಮದ್ದು ಬೇರೆ ಬೇರೆ.

ಕೈಕಾಲಿನ ವೈಕಲ್ಯದ ಅರ್ಜಿಗಳು ಸಾಗಿ ಶ್ರವಣದವು ನಿಂತಿದ್ದರೆ ಕಾರಣ ಸಾಮಾನ್ಯವಾಗಿ ಆಡಿಯೋಮೆಟ್ರಿ ಯಂತ್ರ ಅಥವಾ ಆಡಿಯಾಲಜಿಸ್ಟ್ ಇಲ್ಲದಿರುವುದು. ಪುಟ್ಟ ಮಕ್ಕಳಿಗಾದರೆ ಶಬ್ದಕ್ಕೆ ಮಿದುಳಿನ ಪ್ರತಿಕ್ರಿಯೆ ಅಳೆಯುವ ಬೇರಾ ಪರೀಕ್ಷೆಯೇ ಬೇಕಾಗುತ್ತದೆ, ಅದು ಎಲ್ಲ ಆಸ್ಪತ್ರೆಯಲ್ಲೂ ಆಗುವುದಿಲ್ಲ. ಬೌದ್ಧಿಕ ವೈಕಲ್ಯದವು ನಿಂತಿದ್ದರೆ ಬುದ್ಧಿಮತ್ತೆ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರ ಕೊರತೆ. ಇದಕ್ಕೆ ಮದ್ದು ಶಿಬಿರವಲ್ಲ. ವರ್ಷಕ್ಕೊಂದು ದೊಡ್ಡ ಶಿಬಿರದಲ್ಲಿ ನೂರಾರು ಜನರನ್ನು ಬಿಸಿಲಲ್ಲಿ ನಿಲ್ಲಿಸಿ, ಯಂತ್ರ ಬೇಕಾದವರನ್ನು 'ಜಿಲ್ಲಾಸ್ಪತ್ರೆಗೆ ಹೋಗಿ' ಎಂದು ವಾಪಸು ಕಳಿಸುವುದೇ ಹೆಚ್ಚು. ತಜ್ಞರು ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ವಾರ ಬರುವಂತೆ ನಿಯೋಜನೆ ಆದರೆ ಆ ಅಲೆದಾಟ ತಪ್ಪುತ್ತದೆ. ಅರ್ಜಿಗಳು ದಾಖಲೆಯ ಹಂತದಲ್ಲೇ ನಿಂತಿದ್ದರೆ ಆಧಾರ್ ಮತ್ತು ಅರ್ಜಿಯ ಹೆಸರು, ವಿಳಾಸ ತಾಳೆಯಾಗದಿರುವುದನ್ನು ಮೊದಲು ನೋಡಬೇಕು. ಅದನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಹೋಗಿ ಸರಿಪಡಿಸಬಹುದು. ಕಾರ್ಡ್ ಮುದ್ರಣವಾಗಿಯೂ ತಲುಪದಿದ್ದರೆ ವಿಳಾಸ ಅಪೂರ್ಣವಾಗಿ ಅಂಚೆಯಿಂದ ಮರಳಿದೆಯೇ ಎಂದು ನೋಡಿಸಿ. ಅಲ್ಲಿಯವರೆಗೆ ಪೋರ್ಟಲಿನ ಇ-ಕಾರ್ಡನ್ನು ಕಚೇರಿಗಳು ಒಪ್ಪಬೇಕೆಂದು ಸಭೆಯಲ್ಲೇ ಸೂಚನೆ ಕೊಡಿಸಿ.

ಮಕ್ಕಳ ತಾತ್ಕಾಲಿಕ ಪ್ರಮಾಣಪತ್ರದ ವಿಷಯವನ್ನು ಬಹಳ ಸಮಿತಿಗಳು ಮರೆಯುತ್ತವೆ. ಅವಧಿ ಮುಗಿದ ತಿಂಗಳು ಮಾಸಾಶನಕ್ಕೆ ತಡೆ ಬೀಳಬಹುದು, ಮರುತಪಾಸಣೆಗೆ ದಿನ ಸಿಗುವಷ್ಟರಲ್ಲಿ ತಿಂಗಳುಗಟ್ಟಲೆ ಬಾಕಿ. ಮುಂದಿನ ಆರು ತಿಂಗಳಲ್ಲಿ ಅವಧಿ ಮುಗಿಯುವವರ ಪಟ್ಟಿ ತೆಗೆದು, ಅವರಿಗೆ ಮುಂಚಿತವಾಗಿ ದಿನ ಕೊಡುವ ಪದ್ಧತಿ ಬಂದರೆ ಹೊಸ ಹಣವಿಲ್ಲದೆ ಆಗುವ ಸುಧಾರಣೆ ಅದು. ಮೊದಲ ವರ್ಷಕ್ಕೆ ಇಂಥವನ್ನೇ ಆರಿಸಿಕೊಳ್ಳಿ.

ಇದನ್ನು ನಡಾವಳಿಗೆ ಇಳಿಸುವುದು ಹೇಗೆ? ಸಾಮಾನ್ಯವಾಗಿ ಬರುವ ವಾಕ್ಯ ಹೀಗಿರುತ್ತದೆ: 'ಯುಡಿಐಡಿ ಕಾರ್ಡ್‌ಗಳನ್ನು ಶೀಘ್ರ ವಿತರಿಸುವಂತೆ ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಲಾಯಿತು.' ಇದರಲ್ಲಿ ಯಾರೂ ಇಲ್ಲ, ದಿನವೂ ಇಲ್ಲ. ಅದರ ಬದಲು ನಿಮ್ಮ ಕರಡು ಹೀಗಿರಲಿ: 'ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಬುಧವಾರ ಶ್ರವಣ ತಪಾಸಣೆಗೆ ಆಡಿಯಾಲಜಿಸ್ಟ್ ಅನ್ನು ನಿಯೋಜಿಸಿ ಜಿಲ್ಲಾ ಶಸ್ತ್ರಚಿಕಿತ್ಸಕರು ಈ ತಿಂಗಳ 30ರೊಳಗೆ ಆದೇಶ ಹೊರಡಿಸುವುದು. ದಿನಾಂಕಗಳನ್ನು ಎಲ್ಲ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸುವುದು. ಬಂದ ಅರ್ಜಿ, ಆದ ತಪಾಸಣೆ, ಉಳಿದ ಬಾಕಿಯ ಅಂಕಿಗಳನ್ನು ಮುಂದಿನ ಸಭೆಯಲ್ಲಿ ಮಂಡಿಸುವುದು.' ಇದಕ್ಕೆ ಮುಂದಿನ ಸಭೆಯಲ್ಲಿ 'ಕ್ರಮ ವಹಿಸಲಾಗುತ್ತಿದೆ' ಎಂದು ಉತ್ತರಿಸಲು ಆಗುವುದಿಲ್ಲ. ಆದೇಶ ಹೊರಟಿರುತ್ತದೆ ಅಥವಾ ಹೊರಟಿರುವುದಿಲ್ಲ.

ಗಾಲಿಕುರ್ಚಿಯ ವಿಷಯ ಹಣಕ್ಕಿಂತ ವಿಧಾನದ್ದು. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಗ್ರಾಮ ಪಂಚಾಯಿತಿವಾರು ಆದಾಯ ಎಷ್ಟು, ಅದರ ಶೇ 5 ಎಷ್ಟು, ಖರ್ಚು ಎಷ್ಟು, ಯಾವುದಕ್ಕೆ, ಯಾವ ತಿಂಗಳಲ್ಲಿ ಎಂಬ ತಃಖ್ತೆ ಕೇಳಿ. ಕೊನೆಯ ಪ್ರಶ್ನೆ ಮುಖ್ಯ. ಮಾರ್ಚಿನಲ್ಲಿ ಲೆಕ್ಕ ಮುಗಿಸುವ ಆತುರಕ್ಕೆ ಸಿಕ್ಕಿದ ಹಣ ಒಂದೇ ಅಳತೆಯ ಕುರ್ಚಿಗಳಾಗಿ, ಅಳತೆ ನೋಡದೆ, ವೇದಿಕೆಯ ಮೇಲೆ ಹಂಚಿಹೋಗುತ್ತದೆ.

ಹೊಂದದ ಗಾಲಿಕುರ್ಚಿ ಕೇವಲ ಅನುಪಯುಕ್ತವಲ್ಲ, ಅಪಾಯಕಾರಿ. ಬೆನ್ನುಹುರಿ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಇಲ್ಲದವರು ಮೆತ್ತೆಯಿಲ್ಲದ, ಜೋತುಬಿದ್ದ ರೆಕ್ಸಿನ್ ಸೀಟಿನ ಮೇಲೆ ದಿನವಿಡೀ ಕೂತರೆ ಒತ್ತಡದ ಹುಣ್ಣು ಆಗುತ್ತದೆ. ನೋವು ಗೊತ್ತಾಗದ್ದರಿಂದ ಅದು ಮೂಳೆಯವರೆಗೂ ಇಳಿಯಬಹುದು. ಸೀಟು ಬಹಳ ಅಗಲವಾದರೆ ಮೈ ಒಂದು ಪಕ್ಕಕ್ಕೆ ವಾಲಿ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಕೈ ಚಕ್ರಕ್ಕೆ ಎಟುಕದೆ ಭುಜ ನೋಯುತ್ತದೆ. ಸೀಟಿನ ಆಳ ಹೆಚ್ಚಾದರೆ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಗಾಲಿಕುರ್ಚಿ ಸೇವೆಯನ್ನು ಎಂಟು ಹಂತವಾಗಿ ಹೇಳುತ್ತದೆ: ಗುರುತಿಸಿ ಕಳಿಸುವುದು, ಅಳತೆ ಮತ್ತು ಅಗತ್ಯದ ಪರೀಕ್ಷೆ, ಯಾವುದು ಬೇಕೆಂದು ಬರೆಯುವುದು, ಹಣ ಮತ್ತು ಖರೀದಿ, ಕುರ್ಚಿ ಸಿದ್ಧಪಡಿಸುವುದು, ಕೂರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲಿನ ದುರಸ್ತಿ. ನಮ್ಮ ವಿತರಣಾ ಸಮಾರಂಭಗಳಲ್ಲಿ ನಾಲ್ಕನೆಯದು ಮಾತ್ರ ನಡೆಯುತ್ತದೆ.

ಸಮಿತಿ ಇದಕ್ಕೆ ಮಾಡಬಹುದಾದ ನಿರ್ಣಯ ಸರಳ. ಫಿಸಿಯೋಥೆರಪಿಸ್ಟ್ ಸಹಿ ಮಾಡಿದ ಅಳತೆ ಚೀಟಿ ಇಲ್ಲದೆ ಯಾವ ಪಂಚಾಯಿತಿಯೂ ಕುರ್ಚಿ ಖರೀದಿಸಬಾರದು. ಚೀಟಿಯಲ್ಲಿ ಸೊಂಟದ ಅಗಲ, ಬೆನ್ನಿನಿಂದ ಮೊಣಕಾಲಿನ ಹಿಂಭಾಗದವರೆಗಿನ ಉದ್ದ, ಮೊಣಕಾಲಿನಿಂದ ಹಿಮ್ಮಡಿಯ ಎತ್ತರ, ಮೆತ್ತೆಯ ಬಗೆ ಇರಲಿ. ಬಳಸುವ ಜಾಗ ಮಣ್ಣು ದಾರಿಯೋ ಮನೆಯೊಳಗೋ ಎಂಬುದನ್ನೂ ಬರೆಸಿ, ಸಣ್ಣ ಮುಂಗಾಲಿಯ ಆಸ್ಪತ್ರೆ ಕುರ್ಚಿ ಹಳ್ಳಿಯ ಓಣಿಯಲ್ಲಿ ಹೂತುಕೊಳ್ಳುತ್ತದೆ. ಎರಡನೆಯದು ದುರಸ್ತಿ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಾಧನ ಪಡೆದ ವಯಸ್ಕರಿಗೆ ಮೂರು ವರ್ಷದವರೆಗೆ ಮತ್ತೊಂದು ಸಿಗುವುದಿಲ್ಲ. ಟೈರು, ಬೇರಿಂಗ್, ಬ್ರೇಕು ಅಷ್ಟು ದಿನ ಬಾಳುವುದಿಲ್ಲ, ಬ್ಯಾಟರಿ ಚಾಲಿತ ಮೂರು ಗಾಲಿಯ ವಾಹನವಾದರೆ ಬ್ಯಾಟರಿಯೂ ಅಷ್ಟೆ. ಶೇ 5ರ ಹಣದಲ್ಲಿ ಒಂದು ಭಾಗವನ್ನು ದುರಸ್ತಿಗೆಂದೇ ಇಟ್ಟು, ತಾಲ್ಲೂಕಿಗೊಬ್ಬ ಮೆಕ್ಯಾನಿಕ್‌ನನ್ನು ಗೊತ್ತುಮಾಡುವಂತೆ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಶಿಫಾರಸು ಮಾಡಿ. ಕ್ರಿಯಾ ಯೋಜನೆ ತಯಾರಾಗುವ ಹೊತ್ತಿಗೆ ಮುಂಚೆಯೇ ಶಿಫಾರಸು ಹೋಗಬೇಕು, ಆಮೇಲೆ ಕೇಳಿದರೆ 'ಮುಂದಿನ ವರ್ಷ ನೋಡೋಣ'.

ರ‍್ಯಾಂಪ್ ವಿಷಯದಲ್ಲಿ 'ಇದೆ' ಎಂಬ ಉತ್ತರವನ್ನು ಒಪ್ಪಲೇಬೇಡಿ. ಅಳತೆ ಕೇಳಿ. ಮಾನದಂಡ 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. 150 ಮಿಲಿಮೀಟರಿನ ಮೂರು ಮೆಟ್ಟಿಲಿರುವ ಕಚೇರಿಗೆ ಏರು 450 ಮಿಲಿಮೀಟರ್, ಬೇಕಾದ ಉದ್ದ 5.4 ಮೀಟರ್. ಮೆಟ್ಟಿಲ ಪಕ್ಕ ಎರಡು ಮೀಟರಿನಲ್ಲಿ ಸಿಮೆಂಟು ಇಳಿಜಾರು ಹಾಕಿದರೆ ಅದು ಸುಮಾರು 1:4.4 ಆಯಿತು, ಗಾಲಿಕುರ್ಚಿ ತಾನಾಗಿ ಹತ್ತುವುದಿಲ್ಲ, ತಳ್ಳುವವರಿದ್ದರೂ ಹಿಂದಕ್ಕೆ ಮಗುಚುತ್ತದೆ. ಅಗಲ 1200 ಮಿಲಿಮೀಟರಿಗೆ ಕಡಿಮೆಯಿಲ್ಲದೆ, ಎರಡೂ ಬದಿ ಹಿಡಿದುಕೊಳ್ಳುವ ಕಂಬಿ, ಮೇಲೆ ತಿರುಗಲು 1500 ಮಿಲಿಮೀಟರ್ ಸಮತಟ್ಟು ಜಾಗ, 900 ಮಿಲಿಮೀಟರ್ ತೆರವಿನ ಬಾಗಿಲು ಇದ್ದರೆ ಅದು ರ‍್ಯಾಂಪ್. ಅಳತೆ ಟೇಪು ಹಿಡಿದು ಐದು ಕಚೇರಿಗಳ ಪಟ್ಟಿಯನ್ನು ನೀವೇ ಮಾಡಿ ಸಭೆಗೆ ತನ್ನಿ. ಎಂಜಿನಿಯರ್‌ಗಳು ಅಂಕಿಗೆ ಉತ್ತರ ಕೊಡುತ್ತಾರೆ, ದೂರಿಗೆ ಕೊಡುವುದಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸುಗಮ್ಯಗೊಳಿಸಲು 45ನೇ ಸೆಕ್ಷನ್ ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯನ್ನು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಬಿಟ್ಟ, ಈ ಕಾಯ್ದೆಯಡಿ ಕೇಂದ್ರ ರೂಪಿಸಿದ ನಿಯಮಗಳ 15ನೇ ನಿಯಮ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. ಈ ಎರಡು ಸಾಲು ನಿಮ್ಮ ಪತ್ರದಲ್ಲಿರಲಿ.

ಸಭೆಯಲ್ಲಿ ಯಾರಿಲ್ಲ ಎಂಬುದನ್ನೂ ಗಮನಿಸಿ. ಇಂಥ ಸಮಿತಿಗಳಲ್ಲಿ ಹೆಚ್ಚಾಗಿ ನಡೆದಾಡಬಲ್ಲ, ಪಟ್ಟಣದ, ಗಂಡಸರೇ ಇರುತ್ತಾರೆ. ಕಿವುಡ ಸದಸ್ಯರಿದ್ದರೆ ಎರಡು ಗಂಟೆಯ ಸಭೆಗೆ ಇಬ್ಬರು ಸಂಜ್ಞಾ ಭಾಷಾ ಅನುವಾದಕರು ಬೇಕು. ಒಬ್ಬರೇ ಬಿಡುವಿಲ್ಲದೆ ಮಾಡಿದರೆ ಅರ್ಧ ಗಂಟೆಯ ಮೇಲೆ ಮಾತು ತಪ್ಪತೊಡಗುತ್ತದೆ. ಕಾರ್ಯಸೂಚಿಯನ್ನು ಅವರಿಗೂ ಮೊದಲೇ ಕಳಿಸಬೇಕು. ಬೌದ್ಧಿಕ ವೈಕಲ್ಯ ಇರುವವರ ಪರವಾಗಿ ತಂದೆತಾಯಿ ಬರುವುದು ಸರಿಯೇ, ಆದರೆ ಅವರು ಆಡುವುದು ಆರೈಕೆ ಮಾಡುವವರ ಕಷ್ಟವನ್ನು. ಮಗಳಿಗೆ ಹಾಸ್ಟೆಲ್ ಬೇಕು ಎಂದು ತಾಯಿ ಹೇಳಿದರೆ, ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗಬೇಕೆಂಬ ಆಸೆ ಮಗಳದ್ದಿರಬಹುದು. ಭಾರತ 2007ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 4ನೇ ಅನುಚ್ಛೇದ, ವಿಕಲಚೇತನರನ್ನೇ ಅವರ ಸಂಘಟನೆಗಳ ಮೂಲಕ ನಿಕಟವಾಗಿ ಸಮಾಲೋಚಿಸಬೇಕು ಎನ್ನುತ್ತದೆ, ಮಕ್ಕಳನ್ನೂ ಸೇರಿಸಿ.

ವೈಯಕ್ತಿಕ ಅಹವಾಲು ಹಿಡಿದು ಜನ ನಿಮ್ಮ ಹತ್ತಿರ ಬಂದೇ ಬರುತ್ತಾರೆ. ಅವನ್ನು ಒಂದೊಂದಾಗಿ ಸಭೆಯಲ್ಲಿ ಓದಿದರೆ ಒಂದು ಮಾಸಾಶನ ಸರಿಹೋಗುತ್ತದೆ, ಸಭೆ ಮುಗಿಯುತ್ತದೆ. ಅವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಊರು, ವೈಕಲ್ಯ, ಯಾವ ಕಚೇರಿ, ಯಾವ ದಿನ ಅರ್ಜಿ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟಿದ್ದಾರೆಯೇ. ತುರ್ತಿನವನ್ನು ಅಂದೇ ಕಲ್ಯಾಣಾಧಿಕಾರಿಗೆ ಕೊಡಿ. ಒಂದೇ ಬಗೆಯವು ಹತ್ತು ಸೇರಿದಾಗ ಅದು ಕಾರ್ಯಸೂಚಿಯ ವಿಷಯ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಎರಡು ವಾರದಲ್ಲಿ ಬಾರದಿದ್ದರೆ ಪತ್ರ ಬರೆದು ಕೇಳಿ, ಆಮೇಲೂ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಬಂದ ಕೂಡಲೇ ನಿಮ್ಮ ಟಿಪ್ಪಣಿಯೊಂದಿಗೆ ತಾಳೆ ನೋಡಿ. ಆದ ನಿರ್ಣಯ ಬಿಟ್ಟುಹೋಗಿದ್ದರೆ ಅಥವಾ ತಾರೀಖು ಮಾಯವಾಗಿದ್ದರೆ ತಿದ್ದುಪಡಿ ಕೋರಿ ಅಂದೇ ಬರೆಯಿರಿ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಸ್ಥಿರೀಕರಣವಾದ ಮೇಲೆ ತಿದ್ದುವುದು ಕಷ್ಟ. ಪ್ರತಿ ಸಭೆಯ ಮೊದಲ ವಿಷಯ ಅನುಪಾಲನಾ ವರದಿಯೇ ಆಗಿರಲಿ, ಅದರಲ್ಲಿ ಮುಗಿದವು, ಬಾಕಿ, ಬಾಕಿಗೆ ಕಾರಣ ಎಂಬ ಮೂರು ಕಾಲಂ ಸಾಕು.

ಎರಡು ಸಭೆ ಕಳೆದರೂ ಒಂದು ನಿರ್ಣಯ ಅಲುಗದಿದ್ದರೆ ಮೂರನೆಯ ಸಲ ಕೇಳುತ್ತ ಕೂರಬೇಡಿ. 80ನೇ ಸೆಕ್ಷನ್ ಪ್ರಕಾರ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ದೂರಿಗೆ ಎರಡೂ ನಡಾವಳಿ, ನಿಮ್ಮ ಸ್ವೀಕೃತಿ ಪತ್ರಗಳು, ಹಂತವಾರು ಅಂಕಿಯ ತಃಖ್ತೆ ಲಗತ್ತಿಸಿ. ಆಯುಕ್ತರು ಶಿಫಾರಸು ಮಾಡಿದರೆ 81ನೇ ಸೆಕ್ಷನ್ ಪ್ರಕಾರ ಇಲಾಖೆ ಕ್ರಮ ಕೈಗೊಂಡು, ಶಿಫಾರಸು ಬಂದ ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಅಷ್ಟರಲ್ಲೇ ಕಾರಣ ಬರೆದು ಆಯುಕ್ತರಿಗೆ ತಿಳಿಸಬೇಕು, ದೂರುದಾರರಿಗೂ ತಿಳಿಸಬೇಕು. ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಮುಂಚಿತವಾಗಿ ಕೊಡಿ. ಹಲವು ಆದೇಶಗಳು ಆ ಪ್ರತಿ ತಲುಪಿದ ವಾರದಲ್ಲೇ ಹೊರಡುತ್ತವೆ.